ಟೈಲರಕ್ಕ ಕೈ ಎತ್ತಿದ ಮಸೂದೆ

ಆಕೆ ಊರಿಗೆಲ್ಲ ಟೈಲರಕ್ಕ. ಕಂಡವರ ಬಟ್ಟೆಗೆ ಅಳತೆ ಹಿಡಿಯುತ್ತಲೇ ಅರ್ಧ ಆಯುಷ್ಯ ಕಳೆದವಳು. ಎದುರುಮನೆಯ ಹುಡುಗಿ ರೈಲುಹಳಿ ದಾಟುವಾಗ ಸತ್ತಳು. ಆ ಸಂಕಟಕ್ಕೆ, ಮೇಲ್ಸೇತುವೆ ಕಟ್ಟಿಸಿಯೇ ತೀರುತ್ತೇನೆಂದು ಚುನಾವಣೆಗೆ ನಿಂತು ಗೆದ್ದೂಬಿಟ್ಟಳು. ಕಾನೂನು ಮಾಡುವುದೆಂದರೆ ದೊಡ್ಡವರೆಲ್ಲ ತಲೆ ಕೂಡಿಸಿ ನ್ಯಾಯ ಹುಡುಕುವುದು ಎಂದೇ ನಂಬಿ ಶಾಸನಸಭೆಯ ಮೆತ್ತನೆ ಕುರ್ಚಿಯಲ್ಲಿ ಕೂತಳು.

ಮರುವರ್ಷ ಬ್ರೆಡ್ಡಿನ ಮಸೂದೆ ಬಂತು. ಉಕ್ಕಿನ ಮೇಜು, ಪ್ರತ್ಯೇಕ ಗೋದಾಮು ಇಲ್ಲದ ಅಡುಗೆಮನೆಯವರು ಬ್ರೆಡ್ ಮಾರುವಂತಿಲ್ಲ. ಹೆಸರು ಜನರ ಆರೋಗ್ಯದ್ದು, ಓಡಾಟ ಮಾತ್ರ ಬ್ರೆಡ್ ಕಾರ್ಖಾನೆಯವರದ್ದು. ಸಭೆಯ ಹೊರಗಿನ ಮೊಗಸಾಲೆಯಲ್ಲಿ ಅವರು ಬೇತಾಳದಂತೆ ಸದಸ್ಯರ ಬೆನ್ನು ಹತ್ತಿದ್ದರು. ಬ್ರೆಡ್ ತಿನ್ನುವವರಲ್ಲಿ ಒಬ್ಬರೂ ಬರಲಿಲ್ಲ. ಬೆಲೆ ನಾಲ್ಕು ಕಾಸು ಹೆಚ್ಚಾದೀತೆಂದು ಯಾರು ದಿನದ ಕೂಲಿ ಬಿಟ್ಟಾರು? ಮನೆಯಲ್ಲಿ ಬೇಯಿಸುವ ಹೆಂಗಸರಿಗಂತೂ ಸುದ್ದಿಯೇ ಮುಟ್ಟಿರಲಿಲ್ಲ. ಅವರಲ್ಲಿ ಟೈಲರಕ್ಕನ ನಾದಿನಿಯೂ ಒಬ್ಬಳು. ಗಂಡ ಬಿಟ್ಟುಹೋದ ಮೇಲೆ ಹಿತ್ತಲ ಒಲೆಯೇ ಅವಳಿಗೆ ಆಧಾರ.

"ಇದು ಬಡವರ ಹೊಟ್ಟೆ ಮೇಲೆ ಹೊಡೆಯೋದು, ನಾನೊಪ್ಪಲ್ಲ," ಎಂದಳು ಟೈಲರಕ್ಕ.

ಎಲ್ಲರೂ 'ಮಾವ' ಎಂದು ಕರೆಯುವ ಹಿರಿಯ ಸದಸ್ಯ ಪಕ್ಕದಲ್ಲೇ ಇದ್ದ. "ಒಪ್ಪಬೇಡಮ್ಮ. ಆದ್ರೆ ನಿನ್ನ ಸೇತುವೆಗೆ ಮತ ಸಾಲ್ತಾ ಇಲ್ಲ. ಕಾರ್ಖಾನೆ ಊರಿನವರ ಹತ್ರ ಮತ ಇದಾವೆ. ನೀ ಅವರಿಗೆ ಕೈ ಎತ್ತು, ಅವರು ನಿನಗೆ ಎತ್ತಾರೆ."

"ಮತ್ತೆ ನ್ಯಾಯ?"

"ಅದಕ್ಕಿರೋದು ಒಂದೇ ಮತ. ನಿಂದು."

ಅತ್ತ ದರಿ, ಇತ್ತ ಪುಲಿ. ಟೈಲರಕ್ಕ ಕೈ ಎತ್ತಿದಳು. ಸುದ್ದಿ ಬೇರೆಯವರ ಬಾಯಿಂದ ತಿಳಿಯಬಾರದೆಂದು ನೆಟ್ಟಗೆ ನಾದಿನಿಯ ಮನೆಗೇ ಹೋಗಿ ಹೇಳಿದಳು.

ನಾದಿನಿ ಹಿಟ್ಟು ನಾದುತ್ತಲೇ ಕೇಳಿದಳು: "ಸೇತುವೆ ಬರತ್ತಾ ಅತ್ತಿಗೆ?"

"ಬರತ್ತೆ."

"ಮತ್ತೆ ನಾನೇನು ತಿನ್ನಲಿ, ಅದರ ಮೆಟ್ಟಿಲಾ?"

ಸೇತುವೆ ಬಂತು. ಮಕ್ಕಳು ಅದರ ಮೇಲೆ ಕುಣಿಯುತ್ತ ಶಾಲೆಗೆ ಹೋದರು. ನಾದಿನಿ ಅದೇ ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಸೇರಿದಳು. ಅತ್ತಿಗೆಯೊಡನೆ ಮಾತು ಬಿಟ್ಟಳು.

ಟೈಲರಕ್ಕನಿಗೆ ಅನ್ನ ಇಳಿಯಲಿಲ್ಲ. ಸಣ್ಣ ಒಲೆಗಳಿಗೆ ವಿನಾಯಿತಿ ಕೊಡುವ ತಿದ್ದುಪಡಿ ಬರೆಸಿ, ಒಲೆ ಆರಿದ ಮನೆಮನೆಗೂ ಹೋದಳು. ಈ ಸಲ ಮೊಗಸಾಲೆ ಹೆಂಗಸರಿಂದ ತುಂಬಿತು. ಮುಖ ಊದಿಸಿಕೊಂಡೇ ನಾದಿನಿಯೂ ಬಂದಳು.

ಆದರೂ ಮತ ಸಾಲಲಿಲ್ಲ. ಮಾವ ಮೆಲ್ಲಗೆ ಹೇಳಿದ: "ನದಿ ಊರಿನ ಸದಸ್ಯರು ಕೊಡ್ತಾರಂತೆ. ಸಣ್ಣ ದೋಣಿಗಳ ಓಡಾಟ ನಿಲ್ಲಿಸೋ ಅವರ ಮಸೂದೆಗೆ ನೀ ಕೈ ಎತ್ತಬೇಕು."

"ಅದರಿಂದ ಕೆಡೋರು ಯಾರು?"

"ಯಾರೋ ನಿನ್ನ ನಾದಿನಿಯಂಥೋರು. ನಿಂಗೆ ಪರಿಚಯ ಇಲ್ಲ, ಬಿಡು."

ಟೈಲರಕ್ಕ ಮರುದಿನವೇ ಬಸ್ಸು ಹತ್ತಿ ನದಿ ದಂಡೆಗೆ ಹೋದಳು. ದೋಣಿ ನಡೆಸುವವರ ಪಕ್ಕ ಕೂತು ಅವರ ಕಷ್ಟಸುಖ ಕೇಳಿ ಪರಿಚಯ ಮಾಡಿಕೊಂಡಳು. ಸಭೆಯಲ್ಲಿ ದೋಣಿ ಮಸೂದೆಗೆ ಅವಳ ಕೈ ಮೇಲೇಳಲಿಲ್ಲ. ತಿದ್ದುಪಡಿ ಬಿದ್ದುಹೋಯಿತು.

ಹೊರಗೆ ಬಂದವಳಿಗೆ ನಾದಿನಿಯ ಮುಖ ನೋಡುವ ಧೈರ್ಯವಿರಲಿಲ್ಲ. ನಾದಿನಿಯೇ ಬಾಯಿ ಬಿಟ್ಟಳು.

"ಅತ್ತಿಗೆ, ಆ ದೋಣಿಯವರ ಮನೆ ತೋರಿಸ್ತೀರಾ? ಮುಂದಿನ ಸಲ ಅವರನ್ನೂ ಕರ್ಕೊಂಡ್ ಬರೋಣ."