ದರ್ಬಾರು ಭಾವನ ಹೊಸ ಕೈ

ನಮ್ಮ ಭಾವನಿಗೆ ನಾನು ಬಹುವಚನ ಕೊಡುವುದು ಅಕ್ಕನ ಮುಖ ನೋಡಿ, ಅಷ್ಟೇ. ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರ ನಡೆಸುತ್ತಿದ್ದ ಅವರಿಗೆ ಅಲ್ಲಿಯವರು ಇಟ್ಟ ಹೆಸರು ದರ್ಬಾರು. ಅಲಗು ಇಳಿಯುವಾಗ ಕೈ ಹಾಕಿ ಕಾಗದ ಸರಿಪಡಿಸುವುದೇ ದೊಡ್ಡಸ್ತಿಕೆ ಎಂದುಕೊಂಡಿದ್ದರು. ಒಂದು ದಿನ ಬಲಗೈ ಮಣಿಕಟ್ಟಿನಿಂದಾಚೆಗೆ ತುಂಡಾಗಿ ನಜ್ಜುಗುಜ್ಜಾಯಿತು.

ತೀರಿಕೊಂಡ ಯಾರದೋ ಕೈಯನ್ನು ಅವರ ಮನೆಯವರು ಎದೆ ಗಟ್ಟಿ ಮಾಡಿಕೊಂಡು ದಾನ ಕೊಟ್ಟರು. ಆಸ್ಪತ್ರೆಯ ಡಾಕ್ಟರಮ್ಮ ಮತ್ತು ಅವರ ತಂಡ ಹಗಲೆಲ್ಲ ನಿಂತು ಅದನ್ನು ಭಾವನಿಗೆ ಜೋಡಿಸಿದರು. ಮೊದಲು ಮೂಳೆಗೆ ಲೋಹದ ಪಟ್ಟಿ, ಸ್ಕ್ರೂ. ಆಮೇಲೆ ಬೆರಳಾಡಿಸುವ ನಾರುಗಳು. ಸೂಕ್ಷ್ಮದರ್ಶಕದಡಿ ಕೂದಲಿಗಿಂತ ತೆಳುವಾದ ದಾರದಲ್ಲಿ ರಕ್ತನಾಳ, ನರ. ಹೊಲಿಯುವುದು ನಮ್ಮ ಪಾಲು, ಉಳಿಸಿಕೊಳ್ಳುವುದು ನಿಮ್ಮ ಪಾಲು ಎಂದು ಅವರು ಬಿಡಿಸಿ ಹೇಳಿದರು. ಮಾತ್ರೆ ತಪ್ಪಿಸಬಾರದು, ಬೆರಳಿಗೆ ದಿನವೂ ವ್ಯಾಯಾಮ ಬೇಕು. ಮೈ ಆ ಕೈಯನ್ನು ಒಲ್ಲೆ ಎಂದರೆ ಮೊದಲು ಚರ್ಮ ಕೆಂಪಾಗುತ್ತದೆ. ಕಂಡ ತಕ್ಷಣ ಓಡಿ ಬರಬೇಕು, ತಡವಾದರೆ ಕೈ ತೆಗೆದುಹಾಕಬೇಕಾಗುತ್ತದೆ.

ಭಾವನ ತಲೆಗೆ ಹೋದದ್ದು ಒಂದೇ ಮಾತು, ಅದೂ ಯಾರೂ ಹೇಳದ್ದು: ಈ ಕೈ ತಮ್ಮ ಬಣ್ಣಕ್ಕಿಂತ ತುಸು ಕಪ್ಪು. ವ್ಯಾಯಾಮವೆಂದರೆ ಸೋಫಾಕ್ಕೆ ಒರಗಿ ಕೈ ಚಾಚುವುದು; ಒಂದೊಂದೇ ಬೆರಳನ್ನು ಬಿಡಿಸಿ ಮಡಿಸುತ್ತಿದ್ದವಳು ಅಕ್ಕ. ಅವಳು ಅಡುಗೆಮನೆಗೆ ಹೋದದ್ದೇ ತಡ, ಬೆಳ್ಳಗಾಗಿಸುವ ಕ್ರೀಮನ್ನು ಎಡಗೈಯಿಂದ ಆ ಕೈಗೆ ತಿಕ್ಕಿಕೊಳ್ಳುತ್ತಿದ್ದರು. ನಾಚಿಕೆ ಎಂಬುದು ಆ ಮನುಷ್ಯನ ಹತ್ತಿರ ಸುಳಿದದ್ದೇ ಇಲ್ಲ.

ಒಂದು ಬೆಳಿಗ್ಗೆ ಹೊಸ ಕೈಯೆಲ್ಲ ಕೆಂಪಾಗಿತ್ತು. ಅಕ್ಕ ಗಾಬರಿಯಾಗಿ ಆಸ್ಪತ್ರೆಗೆ ಹೊರಡೋಣ ಎಂದರೆ ಬೈಸಿಕೊಂಡಳು. ನಾನು ಹೋದಾಗ ಮಹಾನುಭಾವರು ಕಿಟಕಿಯ ಬೆಳಕಿಗೆ ಕೈ ಹಿಡಿದು ಹಿಗ್ಗುತ್ತಿದ್ದರು.

"ನೋಡೋ, ಬಣ್ಣ ತಿರುಗ್ತಾ ಇದೆ."

ನನಗೆ ಮೈಯೆಲ್ಲ ಉರಿದುಹೋಯಿತು. ರಟ್ಟೆ ಹಿಡಿದು ಎಳೆದೊಯ್ದೆ. ಚುಚ್ಚುಮದ್ದಿನ ಮೇಲೆ ಚುಚ್ಚುಮದ್ದು ಕೊಟ್ಟು, ಆ ಪುಣ್ಯಾತ್ಗಿತ್ತಿ ಕೈಯನ್ನು ಎರಡನೇ ಸಲ ಉಳಿಸಿದರು. ಕೆಂಪು ಇಳಿದ ದಿನ ಅವರ ಕೋಣೆಯಲ್ಲಿ ಕ್ರೀಮಿನ ವಿಷಯ ಹೊರಬಿತ್ತು. ಇದನ್ನು ಹಚ್ಚಿದ್ದು ಯಾರು ಎಂದು ಅವರು ಗದರಿದರು.

ಭಾವನ ಬಲಗೈ ಮೇಲೆದ್ದಿತು. ತಿಂಗಳುಗಟ್ಟಲೆ ಕೊಕ್ಕೆಯಂತೆ ಬಾಗಿಯೇ ಇದ್ದ ತೋರುಬೆರಳು ನೆಟ್ಟಗಾಗಿ ಅಕ್ಕನ ಕಡೆ ಚಾಚಿತು.

"ಇವಳೇ."

ನಾನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರಮ್ಮ ಎದ್ದು ಬಂದಿದ್ದರು. ಕೇಳಿದ ಪ್ರಶ್ನೆ ಅವರಿಗೆ ಮರೆತೇಹೋಗಿತ್ತು.

"ಎಲ್ಲಿ, ಇನ್ನೊಂದ್ಸಲ ಮಾಡಿ ನೋಡೋಣ."

ಭಾವ ಮತ್ತೆ ಮಾಡಿದರು. ಅಕ್ಕ ಆ ಬೆರಳಿನ ತುದಿಗೆ ಎದುರಾಗಿ ಅಲ್ಲಾಡದೆ ನಿಂತು, ಸಂತೋಷಕ್ಕೆ ಕಣ್ಣೊರೆಸಿಕೊಂಡಳು.