ದುರ್ಗಪ್ಪನ ತಿಂಗಳ ಡಬ್ಬಿ

ಮೂಡಲಗಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಔಷಧ ಅಂಗಡಿ. ಖಾಯಂ ಗಿರಾಕಿಯೊಬ್ಬ ಕಡಿಮೆ ಕೊಂಡರೆ, ಯಾಕೆಂದು ತಿಳಿಯುವ ತನಕ ನನಗೆ ರೊಟ್ಟಿ ಇಳಿಯುವುದಿಲ್ಲ. ತುಕ್ಕಾನಟ್ಟಿಯ ದುರ್ಗಪ್ಪ ಈ ವರ್ಷ ಹಾಗೆ ನನ್ನ ತಲೆ ಹೊಕ್ಕ.

ಮೂವತ್ತು ವರ್ಷ ಗಾಣದ ಮನೆಯಲ್ಲಿ ಬೆಲ್ಲದ ಕೊಪ್ಪರಿಗೆಯ ಕೆಳಗೆ ರವದಿ ಉರಿಸಿದವನು ಅವನು. ಒಣ ಕಬ್ಬಿನ ಗರಿಯ ಆ ಹೊಗೆ ಪುಪ್ಪುಸಕ್ಕಿಳಿದು ಉಬ್ಬಸ ಬಿಡದಂತಾಗಿತ್ತು. ಗೋಕಾಕದ ಡಾಕ್ಟರಮ್ಮ ದಿನಕ್ಕೆರಡು ಸಲ ಉಸಿರಿನಲ್ಲಿ ಎಳೆದುಕೊಳ್ಳುವ ಪುಡಿ ಬರೆದುಕೊಟ್ಟಿದ್ದರು, ತಿಂಗಳಿಗೊಂದು ಡಬ್ಬಿ. ದುರ್ಗಪ್ಪ ದಮ್ಮು ಕಟ್ಟಿದಾಗ ಮಾತ್ರ ಎಳೆದು, ಒಂದು ಡಬ್ಬಿಯನ್ನು ನಾಲ್ಕು ತಿಂಗಳು ಓಡಿಸುತ್ತಿದ್ದ. ಸುಳ್ಳೇಕೆ, ಭಾರಿ ಹಿಡಿತದ ಮನುಷ್ಯ ಎಂದು ಹೊಗಳಿದವನೇ ನಾನು. ನಡುವೆ ಕೆಮ್ಮು ಏರಿದಾಗ ಚೀಟಿ ಕೇಳದೆ ಸಿರಪ್ಪು, ಗುಳಿಗೆ ಕೊಟ್ಟವನೂ ನಾನೇ. ಹೋದ ವರ್ಷ ಮೂರು ಸಲ ಅವನನ್ನು ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಮೂರನೆಯ ಬಿಲ್ಲಿಗೆ ಅವನ ಹೆಂಡತಿ ಅಕ್ಕವ್ವ ಎರಡು ಎಮ್ಮೆಗಳಲ್ಲಿ ಒಂದನ್ನು ಮಾರಿದಳು. ಉಳಿದದ್ದು ಗಬ್ಬದ ಎಮ್ಮೆ. ಇನ್ನೊಂದು ಸಲ ಆಸ್ಪತ್ರೆ ಸೇರಿದರೆ ಅದೂ ಸಂತೆಗೆ ಹೋಗಬೇಕಿತ್ತು.

ಆಮೇಲೆ ಅವನು ಸಿರಪ್ಪಿಗೆ ಬರಲೇ ಇಲ್ಲ. ತಿಂಗಳಿಗೊಮ್ಮೆ ಬಂದು ಡಬ್ಬಿ ಒಯ್ಯುತ್ತಿದ್ದ, ಅಷ್ಟೆ. ಐದು ತಿಂಗಳು ನೋಡಿ, ತಡೆಯಲಾರದೆ ಕೇಳಿಯೇಬಿಟ್ಟೆ.

"ಗೋಕಾಕದ ಡಾಕ್ಟರ್ ಬಾಯಾರು ಕೇಳಿದ್ರು, ಉರಿ ಆರಿದ ಮ್ಯಾಲ ರವದಿ ಹಾಕತಿ ಏನಪಾ ಅಂತ," ಎಂದ ದುರ್ಗಪ್ಪ. "ಹಂಗ ಮಾಡಿದ್ರ ಬೆಲ್ಲ ಕೆಡತೈತಿ, ರವದಿನೂ ದುಪ್ಪಟ್ಟು ಬೇಕಾಕ್ಕೈತ್ರಿ ಅಂದೆ. ಅಂದ ಮ್ಯಾಲ, ಪುಡಿ ಎಳಿಯೂದೂ ಹಂಗ ಮಾಡೇನಲ್ಲಾ ಅಂತ ನನಗ ನಗಿ ಬಂತ್ರಿ ಸಾವಕಾರ್ರ."

ಅಂದಿನಿಂದ ಚೆನ್ನಾಗಿದ್ದ ದಿನವೂ ಎರಡು ಹೊತ್ತು ತಪ್ಪದೆ ಎಳೆಯುತ್ತಾನಂತೆ. ಒಲೆಯ ಮುಂದೆ ಕೂರುವುದನ್ನು ಬಿಟ್ಟು ಬೆಲ್ಲದ ಅಚ್ಚು ತುಂಬುತ್ತಾನಂತೆ. ಅವನು ಹೋದ ಮೇಲೆ ಲೆಕ್ಕ ಹಾಕಿದೆ. ವರ್ಷದ ಅಷ್ಟೂ ಡಬ್ಬಿ ಸೇರಿಸಿದರೂ ಒಂದು ಸಲ ಆಸ್ಪತ್ರೆ ಸೇರಿದ ಖರ್ಚಿನ ಅರ್ಧ ಆಗಲಿಲ್ಲ. ಇಪ್ಪತ್ತು ವರ್ಷ ಔಷಧ ಮಾರಿಯೂ ಇದನ್ನು ಕೂಡಿಸಿ ನೋಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಹೋದ ವಾರ ಡಬ್ಬಿ ಒಯ್ಯಲು ಅಕ್ಕವ್ವನೂ ಜೊತೆಗೆ ಬಂದಳು. ಸ್ಟೀಲಿನ ಬುತ್ತಿಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದಿಟ್ಟಳು.

"ಎಮ್ಮಿ ಈದೈತ್ರಿ. ಗಿಣ್ಣ ತಂದೇನಿ, ತಿನ್ರಿ."

ಒಂದು ತುಂಡು ತಿಂದೆ. ಮೊದಲನೆಯ ಎಮ್ಮೆ ಹೋದದ್ದರಲ್ಲಿ ನನ್ನದೂ ಪಾಲಿದೆ ಎಂದು ಹೇಳಲು ಬಾಯಿ ತೆರೆದೆ. ಅವಳು ಇನ್ನೊಂದು ತುಂಡು ಕೈಗಿಟ್ಟಳು.