ಅಪ್ಪ ಕೈ ಒರೆಸಿಕೊಳ್ಳದ ದಿನ

ಟೀವಿಯಲ್ಲಿ ಟೆನಿಸ್ ಬಂದಾಗ ನಾನು ಆಡುವವರನ್ನು ನೋಡುವುದಿಲ್ಲ. ಮೂಲೆಯಲ್ಲಿ ನಿಂತು ಚೆಂಡು ಹೆಕ್ಕುವ ಮಕ್ಕಳನ್ನು ನೋಡುತ್ತೇನೆ. ಒಂದೇ ಬಣ್ಣದ ಅಂಗಿ, ತಲೆಗೆ ಟೊಪ್ಪಿ, ಕಾಲಿಗೆ ಬೂಟು. ಏನು ಠೀವಿ, ಏನು ಗತ್ತು! ನೋಡಿದರೆ ಮೈ ಉರಿಯುತ್ತದೆ. ಇದೇ ಕೆಲಸವನ್ನು ನಾನೂ ನನ್ನ ತಮ್ಮನೂ ಬರಿಗಾಲಲ್ಲಿ, ಬಿಟ್ಟಿಯಾಗಿ, ಬೈಸಿಕೊಂಡು ಮಾಡಿದವರು. ಮೊಮ್ಮಗನಿಗೆ ಹೇಳಿದರೆ "ಅಜ್ಜಿ, ನಿಮ್ಮ ಹಾಸನದಲ್ಲಿ ಆಗಲೇ ಟೆನಿಸ್ಸಾ?" ಎಂದು ನಗುತ್ತಾನೆ. ಹೂಂ ಕಣೋ, ಟೆನಿಸ್ಸೇ.

ಎರಡನೆಯ ಮಹಾಯುದ್ಧದ ಕಾಲ. ಅಪ್ಪ ಹಾಸನದಲ್ಲಿ ದೊಡ್ಡವರು ಸೇರುತ್ತಿದ್ದ ಒಂದು ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದ. ಮಾರ್ಕರ್ ಎಂದರೆ ಕೋರ್ಟಿಗೆ ನೀರು ಚಿಮುಕಿಸುವವನು, ರೋಲರ್ ಎಳೆಯುವವನು, ಸುಣ್ಣದ ಗೆರೆ ಎಳೆಯುವವನು, ಜೊತೆಗೆ ಯಾರೂ ಸಿಗದ ಸಾಹೇಬರಿಗೆ ಎದುರಾಳಿಯಾಗಿ ನಿಂತು ಆಡುವವನು. ಅದಕ್ಕೇ ಅವನಿಗೆ ಸಂಬಳ. ಆ ಕೋರ್ಟು ಮಣ್ಣಿನದು. ಧೂಳು ಏಳಬಾರದೆಂದು ವಾರಕ್ಕೊಮ್ಮೆ ಸಗಣಿ ಸಾರಿಸಬೇಕಿತ್ತು. ಆ ಪಾಲು ಅವ್ವನದು. "ನಮ್ಮನೆ ಮುಂದೆ ಸಾರ್ಸಕ್ಕೆ ಒಂದು ಮಂಕರಿ ಸಗಣಿ ಗತಿಯಿಲ್ಲ, ಇವರ ಚೆಂಡಾಟಕ್ಕೆ ಅತ್ತು ಮಂಕರಿ ಬೇಕಂತೆ!" ಎಂದು ಅವ್ವ ಸಾರಿಸುವಷ್ಟು ಹೊತ್ತೂ ಗೊಣಗುತ್ತಿದ್ದಳು. ಚೆಂಡು ಹೆಕ್ಕುವ ಪಾಲು ನಮ್ಮದು. ಹೆಣ್ಣುಮಗು ಕೋರ್ಟಿನೊಳಗೆ ಓಡಾಡುವುದು ಚೆನ್ನಾಗಿ ಕಾಣುವುದಿಲ್ಲವೆಂದು ಕ್ಲಬ್ಬಿನ ಸೆಕ್ರೆಟರಿ ಮೊದಲು ಮೂಗು ಮುರಿದರು. ಆದರೆ ಬಿಟ್ಟಿ ಓಡುವವರು ಬೇರೆ ಯಾರು ಸಿಗುತ್ತಾರೆ? ಸುಮ್ಮನಾದರು.

ಶನಿವಾರ ಬಂತೆಂದರೆ ನಮ್ಮ ಪ್ರಾಣಕ್ಕೆ ಬರುತ್ತಿತ್ತು. ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಮುಖವೆಲ್ಲ ಮಸಿ ಮಾಡಿಕೊಂಡು ಚನ್ನರಾಯಪಟ್ಟಣದ ಕಡೆಯಿಂದ ಒಬ್ಬರು ಬರುತ್ತಿದ್ದರು. ಎದುರಿನವನ ಚೆಂಡು ಗೆರೆಯಿಂದ ಒಂದು ಮೊಳ ಒಳಗೆ ಬಿದ್ದರೂ "ಔಟ್" ಎಂದು ಕೂಗುವುದು ಅವರ ಪದ್ಧತಿ. ಅರಕಲಗೂಡಿನಿಂದ ಬರುತ್ತಿದ್ದ ಇನ್ನೊಬ್ಬರಿಗೆ ಚೆಂಡನ್ನು ಎಸೆದರೂ ಸಿಟ್ಟು, ಉರುಳಿಸಿದರೂ ಸಿಟ್ಟು. ಎಸೆದರೆ "ನನ್ನ ಮೇಲೆ ಎಸೀತೀಯಾ?", ಉರುಳಿಸಿದರೆ "ನಾನು ಬಗ್ಗಬೇಕಾ?" ನಾನು ಏನು ಮಾಡಬೇಕಿತ್ತೋ ಇವತ್ತಿಗೂ ತಿಳಿಯದು. ಇನ್ನು ನನ್ನ ತಮ್ಮ. ನೆಟ್ಟಿನ ಪಕ್ಕದಲ್ಲಿ ನಿಲ್ಲಿಸಿದರೆ ಆಕಾಶದಲ್ಲಿ ಗಿಡುಗ ಎಣಿಸುತ್ತಾ ನಿಲ್ಲುತ್ತಿದ್ದ. ಅವನ ಪಾಲಿನ ಓಟವನ್ನೂ ನಾನೇ ಓಡುತ್ತಿದ್ದೆ.

ಯುದ್ಧದಿಂದಾಗಿ ಹೊಸ ಚೆಂಡು ಸಿಗುತ್ತಲೇ ಇರಲಿಲ್ಲ. ಇದ್ದವುಗಳಲ್ಲಿ ಕೆಲವಕ್ಕೆ ಅಷ್ಟಿಷ್ಟು ತುಪ್ಪಳ ಉಳಿದಿತ್ತು, ಮಿಕ್ಕವು ಬೋಳು. ಬೋಳು ಚೆಂಡು ಹೊಡೆದವನ ಮಾತು ಕೇಳುವುದಿಲ್ಲ, ಎಲ್ಲೆಲ್ಲೋ ಜಾರುತ್ತದೆ. ಅಪ್ಪ ನಮಗೆ ಕಲಿಸಿದ ಮೊದಲ ಪಾಠ ಅದೇ. ಚೆಂಡು ಎತ್ತಿ ಆಟ ಶುರುಮಾಡುವ ಸರದಿ ಸಾಹೇಬರದಾದಾಗ ತುಪ್ಪಳದ್ದು ಕೊಡಬೇಕು, ಅಪ್ಪನ ಸರದಿಗೆ ಬೋಳು. ಮರೆತೂ ತಪ್ಪಬಾರದು.

ಎರಡನೆಯ ಪಾಠ, ಕೈಯನ್ನು ನೋಡುವುದು. ಅಪ್ಪ ಸೋಲಬೇಕಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಕಚೇರಿಯ ತಲೆನೋವು ಕಳೆಯಲು ಬಂದ ಸಾಹೇಬರನ್ನು ಮಾರ್ಕರ್ ಸೋಲಿಸಿ ಮನೆಗೆ ಕಳಿಸುವುದುಂಟೆ? ಅವರು ಎಲ್ಲಿ ನಿಂತಿದ್ದರೋ ಅಲ್ಲಿಗೇ, ಎದೆಮಟ್ಟಕ್ಕೆ, ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಚೆಂಡು ಕೊಡುತ್ತಿದ್ದ. ಹತ್ತು ಸಲ ಹಾಗೆ ಆಡಿಸಿ, ಕೊನೆಗೆ ಬ್ಯಾಟನ್ನು ಎಡಗೈಗೆ ದಾಟಿಸಿ ಬಲಗೈಯನ್ನು ಖಾಕಿ ಚಡ್ಡಿಗೆ ಒಮ್ಮೆ ಒರೆಸಿಕೊಳ್ಳುತ್ತಿದ್ದ. ಅದು ನಮಗೆ ಸಂಜ್ಞೆ. ಮುಂದಿನ ಚೆಂಡು ನೆಟ್ಟಿಗೆ ಬೀಳುತ್ತದೆ, ತಮ್ಮ ಅಲ್ಲಿ ಸಿದ್ಧವಾಗಿರಬೇಕು. ಎಲ್ಲೋ ತಿಂಗಳಿಗೊಮ್ಮೆ ಚೆಂಡು ಸಾಹೇಬರ ಕೈಗೆಟುಕದ ಕಡೆ ಹೋಗಿಬಿಡುತ್ತಿತ್ತು. ಹೋದ ಕೂಡಲೇ ಅಪ್ಪ ಬ್ಯಾಟು ಕಂಕುಳಿಗೆ ಸಿಕ್ಕಿಸಿಕೊಂಡು "ತಪ್ಪಾಯ್ತು ಸಾ" ಎನ್ನುತ್ತಿದ್ದ.

ನನಗೆ ರೇಗಿಹೋಗುತ್ತಿತ್ತು. ಅಪ್ಪನ ಕೈ ಎಂಥದು ಎಂಬುದು ನನಗೆ ಗೊತ್ತಿತ್ತಲ್ಲ! ಬೆಳಗಿನ ಜಾವ ಕ್ಲಬ್ಬಿನ ಹಿಂದಿನ ಗೋಡೆಯ ಮೇಲೆ ಮುದ್ದೆಯಷ್ಟಗಲ ಸುಣ್ಣದ ಗುರುತು ಹಾಕಿ, ಇಪ್ಪತ್ತು ಸಲ ಹೊಡೆದರೆ ಇಪ್ಪತ್ತೂ ಅದಕ್ಕೇ ಬೀಳುತ್ತಿದ್ದವು. ಆದರೆ ಸ್ಕೂಲಿನಲ್ಲಿ ಒಬ್ಬ ಅಧಿಕಾರಿಯ ಮಗಳು, ನನ್ನ ಪಕ್ಕ ಕೂರುತ್ತಿದ್ದವಳು, ಎಲ್ಲರ ಮುಂದೆ "ಇವರಪ್ಪ ದಿನಾ ನಮ್ಮಪ್ಪನ ಕೈಲಿ ಸೋಲ್ತಾರಂತೆ ಕಣ್ರೇ" ಎಂದು ನಗುತ್ತಿದ್ದಳು. ಬೇಕೆಂದೇ ಸೋಲುವುದು ಎಂದು ಹೇಳುವ ಹಾಗಿಲ್ಲ, ಹೇಳಿದರೆ ಅಪ್ಪನ ಕೆಲಸಕ್ಕೇ ಕುತ್ತು. ಹಲ್ಲು ಕಚ್ಚಿಕೊಂಡಿರುತ್ತಿದ್ದೆ. ನನಗೆ ಬಂಗಾರ ಬೇಡ, ಬಳೆ ಬೇಡ, ಅಪ್ಪ ನಾಲ್ಕು ಜನರ ಮುಂದೆ ಒಂದೇ ಒಂದು ಸಲ ಗೆಲ್ಲುವುದನ್ನು ನೋಡಬೇಕಿತ್ತು.

ಆ ಒಂದು ಸಲ ಬಂತು, ಹಲಸಿನ ಹಣ್ಣಿನ ದೆಸೆಯಿಂದ. ಊರೂರು ಸುತ್ತಿ ದುಡ್ಡಿಗೆ ಆಡಿ ತೋರಿಸುವ ಇಬ್ಬರು ಆಟಗಾರರು ಮೈಸೂರಿನಿಂದ ರೈಲಿನಲ್ಲಿ ಬಂದರು. ಯುದ್ಧನಿಧಿಗೆಂದು ಟಿಕೆಟ್ಟು ಮಾರಿ, ಬೆಂಚು ಕುರ್ಚಿಗಳನ್ನೆಲ್ಲ ಹಾಕಿಸಿ ಆಗಿತ್ತು. ಅವರಲ್ಲಿ ಒಬ್ಬ ಹೊಳೆನರಸೀಪುರದ ಸ್ಟೇಷನ್ನಿನಲ್ಲಿ ಹಲಸಿನ ತೊಳೆ ಕೊಂಡು ಹೊಟ್ಟೆ ಬಿರಿಯ ತಿಂದನಂತೆ. ಹಾಸನದಲ್ಲಿ ಇಳಿಯುವಾಗಲೇ ಹೊಟ್ಟೆ ಹಿಡಿದುಕೊಂಡಿದ್ದವನು ಕ್ಲಬ್ಬಿನ ಹಿತ್ತಲು ಬಿಟ್ಟು ಈಚೆಗೆ ಬರಲೇ ಇಲ್ಲ. ಜನವೆಲ್ಲ ಬಂದು ಕೂತಿದ್ದಾರೆ, ಎದುರಾಳಿಯೇ ಇಲ್ಲ. ಸೆಕ್ರೆಟರಿ ಬೆವರು ಒರೆಸಿಕೊಳ್ಳುತ್ತಾ ಅಪ್ಪನ ಹತ್ತಿರ ಬಂದರು.

"ನೋಡಯ್ಯಾ, ನೀನೇ ನಿಂತ್ಕೋಬೇಕು. ಇವತ್ತು ಯಾರ ಮುಖಾನೂ ನೋಡಬೇಡ. ಹಾಸನದ ಮರ್ಯಾದೆ ಪ್ರಶ್ನೆ. ಗೆಲ್ಲೋದಾದ್ರೆ ಗೆದ್ದೇಬಿಡು."

ನಾನು ಪಕ್ಕದಲ್ಲೇ ಇದ್ದೆ. ಕಿವಿಯಾರೆ ಕೇಳಿದೆ. ಗೆದ್ದೇಬಿಡು! ಅಪ್ಪ "ಆಯ್ತು ಸಾ" ಎಂದ. ಅಷ್ಟೇ.

ಒಂದೇ ಸೆಟ್ಟಿನ ಪಂದ್ಯ. ಮೊದಲು ಆರು ಗೇಮು ಗೆದ್ದವನು ಗೆದ್ದ ಹಾಗೆ, ಐದೈದು ಸಮವಾದರೆ ಮಾತ್ರ ಮೇಲೆ ಎರಡು ಗೆಲ್ಲಬೇಕು. ಆಟಗಾರ ತಂದಿದ್ದದ್ದು ಮೂರೇ ಹೊಸ ಚೆಂಡು. ಅದರಲ್ಲೊಂದು ಮೊದಲ ಗೇಮಿನಲ್ಲೇ ಬೇಲಿಯಾಚೆಯ ಪೊದೆಗೆ ಹಾರಿಹೋಯಿತು. ಹುಡುಕಲು ಹೋದ ತಮ್ಮ ಕಾರೆಹಣ್ಣು ತಿನ್ನುತ್ತಾ ನಿಂತುಬಿಟ್ಟ. ಕ್ಲಬ್ಬಿನ ಎರಡು ಬೋಳು ಚೆಂಡು ಸೇರಿಸಿಕೊಂಡು ಆಟ ಮುಂದುವರಿಯಿತು. ನಾನು ಅವತ್ತು ಧೈರ್ಯ ಮಾಡಿದೆ. ಅಪ್ಪನ ಸರದಿ ಬಂದಾಗ ಹೊಸದೆರಡನ್ನೂ ಅಪ್ಪನಿಗೇ ಕೊಟ್ಟೆ. ಅಪ್ಪ ಕೈಯಲ್ಲಿ ತಿರುಗಿಸಿ ನೋಡಿ, "ಇದ್ಯಾಕವ್ವ ನಂಗೆ ಕೊಟ್ಟೆ? ಅವರ್ಗೆ ಮಡಗು" ಎಂದು ವಾಪಸು ಉರುಳಿಸಿದ. ನಾನು ಮತ್ತೆ ಉರುಳಿಸಿದೆ. ಅಪ್ಪ ಮತ್ತೆ ವಾಪಸು ಮಾಡಿದ. ಜನ ನಗತೊಡಗಿದರು. ಅಯ್ಯೋ ಶಿವನೇ, ತಲೆ ಚಚ್ಚಿಕೊಳ್ಳಬೇಕೆನಿಸಿತು. ಬೋಳು ಚೆಂಡನ್ನೇ ಕೊಟ್ಟೆ.

ಆದರೂ ಅಪ್ಪ ಮುಂದಿದ್ದ! ಆ ಆಟಗಾರನಿಗೆ ಸಗಣಿ ಸಾರಿಸಿದ ನೆಲ ಹೊಸದು. ಚೆಂಡು ಅವನೆಣಿಸಿದಷ್ಟು ಮೇಲಕ್ಕೆ ಏಳುತ್ತಿರಲಿಲ್ಲ. ಹೊಡೆದದ್ದು ನೆಟ್ಟಿಗೆ, ಇಲ್ಲವೆ ಆಚೆಗೆ. ಅಪ್ಪನದು ಒಂದೂ ತಪ್ಪುತ್ತಿರಲಿಲ್ಲ. ನಾಲ್ಕು–ಮೂರು, ಐದು–ಮೂರು. ಬೆಂಚಿನ ಮೇಲಿದ್ದವರು ಎದ್ದು ನಿಂತರು. ಸ್ಕೂಲಿನ ಆ ಹುಡುಗಿಯೂ ಅವರಪ್ಪನ ಪಕ್ಕ ನಿಂತಿದ್ದಳು. ನೋಡೇ, ಕಣ್ಣುಬಿಟ್ಟು ನೋಡೇ, ಎಂದು ನಾನು ಮನಸ್ಸಿನಲ್ಲೇ ಕಿರುಚಿಕೊಂಡೆ.

ಒಂದೇ ಒಂದು ಪಾಯಿಂಟು ಬೇಕಿತ್ತು. ಆಟಗಾರ ಎಡಗಡೆಯ ಚೆಂಡಿಗೆ ಓಡಿದವನು ಕಾಲು ಜಾರಿ ದೊಪ್ಪನೆ ಬಿದ್ದ. ಬೀಳುವಾಗ ಹೇಗೋ ತಾಗಿಸಿದ ಚೆಂಡು ಮೆಲ್ಲಗೆ, ತೇಲಿಕೊಂಡು ಅಪ್ಪನ ಮುಂದೆ ಬಂತು. ಆ ಕಡೆ ಬಲಭಾಗವೆಲ್ಲ ಖಾಲಿ. ಎರಡು ಎತ್ತಿನ ಗಾಡಿ ತಿರುಗಿಸುವಷ್ಟು ಜಾಗ ಖಾಲಿ! ನಾನು ಅಪ್ಪನ ಬಲಗೈಯನ್ನೇ ನೋಡುತ್ತಿದ್ದೆ. ಅದು ಚಡ್ಡಿಯ ಹತ್ತಿರ ಹೋಗಲಿಲ್ಲ. ಒರೆಸಿಕೊಳ್ಳಲಿಲ್ಲ. ಗೆದ್ದ, ಅಪ್ಪ ಗೆದ್ದ ಎಂದುಕೊಂಡೆ.

ಅಪ್ಪ ಹೊಡೆದ. ಚೆಂಡು ಆ ಖಾಲಿ ಕಡೆಗೆ ಹೋಗಲಿಲ್ಲ. ಬಿದ್ದವನು ಎದ್ದು ಬ್ಯಾಟು ಎತ್ತುವ ಹೊತ್ತಿಗೆ ಸರಿಯಾಗಿ, ಅವನ ಎದೆಮಟ್ಟಕ್ಕೆ, ಅವನ ಮುಂದೆಯೇ ಹೋಗಿ ನಿಂತಿತು. ಅವನು ಬೀಸಿದ ಬೀಸಿಗೆ ಅದು ಅಪ್ಪನನ್ನು ದಾಟಿ ನನ್ನ ಕಾಲ ಬಳಿ ಬಂದು ಬಿತ್ತು. ಆಮೇಲೆ ಹೇಳುವುದೇನಿದೆ? ಆಟಗಾರನಿಗೆ ಆ ನೆಲ ಒಗ್ಗಿತು. ಐದು–ನಾಲ್ಕು, ಐದು–ಐದು, ಕೊನೆಗೆ ಐದು–ಏಳು. ಅಪ್ಪ ಸೋತ.

ಆಟಗಾರ ಅಪ್ಪನ ಬೆನ್ನು ತಟ್ಟಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ಸೆಕ್ರೆಟರಿ ಅದನ್ನು ಎಲ್ಲರಿಗೂ ಕನ್ನಡದಲ್ಲಿ ಸಾರಿದರು: "ಇಷ್ಟು ನಯವಾಗಿ ಚೆಂಡು ಕೊಡುವ ಕೈಯನ್ನು ಎಲ್ಲೂ ನೋಡಿಲ್ಲವಂತೆ!" ಜನ ಚಪ್ಪಾಳೆ ತಟ್ಟಿದರು. ಅಪ್ಪ ಹಲ್ಲು ಬಿಟ್ಟುಕೊಂಡು ಕೈಮುಗಿದ. ಕೊಡುವ ಕೈ! ಹೊಗಳಿಕೆಯಂತೆ, ಹೊಗಳಿಕೆ. ಆತ ಚೆಂಡು ಹೆಕ್ಕಿದ್ದಕ್ಕೆಂದು ನನಗೆ ಒಂದು ಹೊಸ ಚೆಂಡನ್ನೂ ಕೊಟ್ಟುಹೋದ. "ಸೆಕ್ರೆಟರಿ ಸಾಹೇಬರ್ಗೆ ಒಪ್ಪುಸ್ಬುಡವ್ವ" ಎಂದ ಅಪ್ಪ. ನಾನು ಲಂಗದ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಮನೆಗೆ ನಡೆದೆ.

ಅವ್ವ ಹಿಟ್ಟು ತೊಳಸುತ್ತಿದ್ದಳು. ನಾನು ಬಾಗಿಲಲ್ಲೇ ಅಪ್ಪನ ಮೇಲೆ ಬಿದ್ದೆ. "ಯಾಕಪ್ಪಾ ಬಿಟ್ಕೊಟ್ಟೆ? ಗೆದ್ದೇಬಿಡು ಅಂತ ಅವರೇ ಹೇಳಿರ್ಲಿಲ್ವಾ? ಅವರೆಲ್ಲರ ಮುಂದೆ ಯಾಕೆ ಬಿಟ್ಕೊಟ್ಟೆ?" ಎಂದು ಅಳುತ್ತಾ ಕೂಗಾಡಿದೆ.

"ಬುಟ್ಕೊಡ್ಲಿಲ್ಲ ಕಣವ್ವ," ಎಂದ ಅಪ್ಪ. "ಕೈ ಒರಸ್ಕಂಡ್ನಾ ನಾನು? ನೀನೇ ನೋಡ್ತಿದ್ದಲ್ಲ."

ಒರೆಸಿಕೊಂಡಿರಲಿಲ್ಲ. ಅದೇ ತಾನೇ ನನ್ನ ಸಂಕಟ.

"ಮತ್ತೆ ಆ ಕಡೆ ಅಷ್ಟು ಖಾಲಿ ಇತ್ತಲ್ಲಪ್ಪ! ಅಲ್ಲಿಗೆ ಹೊಡೆಯೋಕೆ ಏನಾಗಿತ್ತು ನಿಂಗೆ?"

ಅಪ್ಪ ನನ್ನ ಮುಖವನ್ನೇ ನೋಡಿದ. ನಾನು ಏನು ಕೇಳುತ್ತಿದ್ದೇನೆ ಎಂಬುದೇ ಅವನಿಗೆ ತಿಳಿಯದ ಹಾಗಿತ್ತು.

"ಅಲ್ಲಿ ಯಾರೂ ಇರ್ಲಿಲ್ವಲ್ಲವ್ವ," ಎಂದ. "ಯಾರೂ ಇಲ್ದಿರೋ ಕಡೀಕೆ ಎಂಗವ್ವ ಒಡೀಲಿ?"

ಅವ್ವ ಮುದ್ದೆಕೋಲು ಹಿಡಿದುಕೊಂಡೇ ತಿರುಗಿ ನೋಡಿದಳು.

ಮಾರನೆಯ ಬೆಳಿಗ್ಗೆ ಯಾರೂ ಬರುವ ಮುಂಚೆ ಅಪ್ಪನನ್ನು ಕೋರ್ಟಿಗೆ ಎಳೆದುಕೊಂಡು ಹೋದೆ. ಕ್ಲಬ್ಬಿನ ಒಂದು ಹಳೆಯ ಬ್ಯಾಟು ಹಿಡಿದು ನೆಟ್ಟಿನಾಚೆ ನಿಂತೆ. ತಮ್ಮನನ್ನು ಹಿಂದೆ ನಿಲ್ಲಿಸಿದೆ. "ಈಗ ನಾನಿಲ್ಲದ ಕಡೆಗೆ ಹೊಡಿ" ಎಂದೆ. ಅಪ್ಪ ನಕ್ಕು ಹೊಡೆದ. ಚೆಂಡು ನನ್ನ ಬ್ಯಾಟಿಗೇ ಬಂತು. ನಾನು ಬಲಕ್ಕೆ ಸರಿದೆ, ಚೆಂಡೂ ಬಲಕ್ಕೆ ಬಂತು. ಎಡಕ್ಕೆ ಓಡಿದೆ, ಎಡಕ್ಕೇ ಬಂತು. "ಅಪ್ಪಾ, ನನ್ನ ಕಡೆ ನೋಡ್ಬೇಡ, ಆ ಮೂಲೆ ನೋಡು!" ಎಂದು ಕಿರುಚಿದೆ. "ನೋಡ್ತಾ ಇವ್ನಿ ಕಣವ್ವ," ಎಂದ. ಅವನ ಮುಖದಲ್ಲಿ ನಗು ಹೋಗಿತ್ತು, ಹಣೆಯಲ್ಲಿ ಬೆವರಿತ್ತು. ನಾನು ಕೋರ್ಟಿನ ಒಂದು ತುದಿಗೆ ಹೋಗಿ ಬೇಲಿಗೆ ಒರಗಿ ನಿಂತುಬಿಟ್ಟೆ. ಇಡೀ ಅಂಗಳ ಖಾಲಿ.

ಅಪ್ಪ ಬಹಳ ಹೊತ್ತು ಚೆಂಡನ್ನು ಕೈಯಲ್ಲೇ ಹಿಡಿದು ನಿಂತ. ಆಮೇಲೆ ಹೊಡೆದ. ಎಂಥ ಹೊಡೆತ! ಆಚೆಯ ಮೂಲೆಯ ಸುಣ್ಣದ ಗೆರೆಯ ಮೇಲೇ ಬಿದ್ದು, ಸುಣ್ಣ ಹಾರಿಸಿಕೊಂಡು ಬೇಲಿಗೆ ಬಡಿಯಿತು. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದೆ.

"ತಪ್ಪಾಯ್ತು ಸಾ," ಎಂದ ಅಪ್ಪ, ಬ್ಯಾಟು ಕಂಕುಳಿಗೆ ಸಿಕ್ಕಿಸಿಕೊಂಡು.

ತಮ್ಮ ಕಿಸಕ್ಕನೆ ನಕ್ಕ. ಅವನ ತಲೆಗೆ ಒಂದು ಮೊಟಕಿದೆ. ಅಪ್ಪ ತಲೆ ತಗ್ಗಿಸಿ ನೆಲವನ್ನೇ ನೋಡುತ್ತಾ ನಿಂತಿದ್ದ. ಎದುರಿಗಿದ್ದದ್ದು ತನ್ನ ಹನ್ನೊಂದು ವರ್ಷದ ಮಗಳು ಎಂಬುದು ಆಗ ಅವನಿಗೂ ಹೊಳೆದಿರಬೇಕು. ನಾನು ಓಡಿಹೋಗಿ ಬೇಲಿಯ ಬುಡದಲ್ಲಿ ಬಿದ್ದಿದ್ದ ಬೋಳು ಚೆಂಡನ್ನು ಹೆಕ್ಕಿ ತಮ್ಮನ ಕೈಗಿಟ್ಟೆ. ಲಂಗದ ಮಡಿಕೆಯಿಂದ ಹೊಸ ಚೆಂಡನ್ನು ತೆಗೆದು, ನೆಟ್ಟಿನಾಚೆ ಹೋಗಿ, ಅಪ್ಪನ ಅಂಗೈ ಬಿಡಿಸಿ ಇಟ್ಟೆ. ಮತ್ತೆ ಹೊಡಿ ಎಂದೆ.